ಸುಕಿ ಅಂದ್ರೆ ಇಷ್ಟ

(ಹೆಸರುಗಳನ್ನೂ ಗುರುತು ಹಿಡಿಯುವಂಥ ವಿವರಗಳನ್ನೂ ಬದಲಿಸಿದ್ದೇನೆ. ತಾಯಿ, ಮಗಳು ಇಬ್ಬರೂ ಬರೆಯಲು ಒಪ್ಪಿದ್ದಾರೆ.)

ಸುಮಾ ಆಪ್ತಸಮಾಲೋಚನೆಗೆಂದು ಮೊದಲ ಸಲ ನನ್ನ ವಿಡಿಯೊ ಕರೆಗೆ ಬಂದಾಗ ಇಲ್ಲಿ ಸಂಜೆ ಐದೂವರೆ, ಅಲ್ಲಿ ರಾತ್ರಿ ಒಂಬತ್ತು. ಟೋಕಿಯೊದ ನಿಶಿ ಕಸಾಯಿಯಲ್ಲಿ ಅವರ ಮನೆ. ಭಾರತದ ಕುಟುಂಬಗಳು ಜಾಸ್ತಿ ಇರುವ ಜಾಗ ಅದು. ಎರಡು ಕೋಣೆಯ ಮನೆಯಲ್ಲಿ ಗುಟ್ಟಾಗಿ ಮಾತಾಡಲು ಬೇರೆ ಜಾಗ ಇಲ್ಲದೆ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಕೂತಿದ್ದರು.

"ಮೇಡಂ, ಮಗಳ ಹಾಸಿಗೆ ಕೆಳಗೆ ಪುಸ್ತಕ ಸಿಕ್ತು. ಎರಡು ಹುಡುಗಿಯರು. ಇಬ್ಬರೂ ಸ್ಕೂಲ್ ಯೂನಿಫಾರ್ಮ್‌ನಲ್ಲಿದ್ದಾರೆ. ಕೈ ಹಿಡ್ಕೊಂಡಿದ್ದಾರೆ."

ಮಗಳು ಅನುಗೆ 17 ವರ್ಷ. ಆರು ವರ್ಷದವಳಿದ್ದಾಗ ಜಪಾನಿಗೆ ಹೋದವಳು. ಅಲ್ಲಿನ ಹೈಸ್ಕೂಲಿನಲ್ಲಿ ಎರಡನೇ ವರ್ಷ ಓದುತ್ತಾಳೆ, ಬ್ಯಾಂಡ್ ಕ್ಲಬ್ಬಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ತಾಯಿಗೆ ಜಪಾನಿ ಓದಲು ಬರುವುದಿಲ್ಲ. ವಾರ್ಡ್ ಆಫೀಸಿನ ಪತ್ರ, ಶಾಲೆಯ ನೋಟಿಸು, ಔಷಧದ ಚೀಟಿ, ಎಲ್ಲವನ್ನೂ ಇಷ್ಟು ವರ್ಷ ಓದಿ ಹೇಳುತ್ತಿದ್ದದ್ದು ಮಗಳೇ. ಈ ಪುಸ್ತಕವನ್ನು ಮಾತ್ರ ಅವಳಿಂದ ಓದಿಸುವಂತಿರಲಿಲ್ಲ. ಫೋನಿನ ಕ್ಯಾಮೆರಾ ಹಿಡಿದು ಅನುವಾದ ನೋಡಿದರೆ ಅರ್ಧಂಬರ್ಧ ಸಾಲುಗಳು. "ಇಷ್ಟ" (ಜಪಾನಿಯಲ್ಲಿ ಸುಕಿ) ಅನ್ನುವ ಪದ ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ಆ ರಾತ್ರಿಯೇ ಮಗಳನ್ನು ನಿಲ್ಲಿಸಿಕೊಂಡು ಕೇಳಿದರು: "ನೀನೂ ಹಾಗೇನಾ?" ಅವಳು ಉತ್ತರ ಕೊಡಲಿಲ್ಲ. ಪುಸ್ತಕಗಳೆಲ್ಲ ಸೂಟ್‌ಕೇಸಿಗೆ ಹೋದವು, ಬೀಗ ಬಿತ್ತು. ಹನ್ನೊಂದು ದಿನದಿಂದ ಮನೆಯಲ್ಲಿ ಮಾತಿಲ್ಲ.

ನನ್ನ ಮುಂದೆ ಅವರಿಟ್ಟ ಪ್ರಶ್ನೆ ಎರಡು. ಇದಕ್ಕೆ ಟ್ರೀಟ್‌ಮೆಂಟ್ ಇದೆಯಾ? ಇಲ್ಲದಿದ್ದರೆ, ಹೈಸ್ಕೂಲ್ ಮುಗಿದ ಮೇಲೆ ತಾನಾಗೇ ಹೋಗುತ್ತೆ ಅಲ್ವಾ?

ಮೊದಲನೆಯದಕ್ಕೆ ನೇರವಾಗಿ ಉತ್ತರಿಸಿದೆ. ಕಥೆ ಓದುವುದು ಕಾಯಿಲೆ ಅಲ್ಲ. ಹುಡುಗಿಗೆ ಹುಡುಗಿ ಇಷ್ಟವಾಗುವುದೂ ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಬದಲಿಸಿಕೊಡುತ್ತೇವೆ ಅಂತ ಚಿಕಿತ್ಸೆ ಕೊಡುವುದು ವೃತ್ತಿಗೆ ಮಾಡುವ ದ್ರೋಹ ಅಂತ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ಊರಿಗೆ ಕರೆತಂದು ಯಾರಿಗಾದರೂ ತೋರಿಸೋಣ ಅನ್ನುವ ಯೋಚನೆ ಇದ್ದರೆ ದಯವಿಟ್ಟು ಬಿಡಿ ಅಂದೆ. ಯೋಚನೆ ಇತ್ತು. ಟಿಕೆಟ್ ದರವನ್ನೂ ನೋಡಿಟ್ಟಿದ್ದರು.

ಎರಡನೆಯ ಪ್ರಶ್ನೆಗೆ ಆಗಲೇ ಏನೂ ಹೇಳಲಿಲ್ಲ. ಅನು ಒಪ್ಪಿದರೆ ಅವಳ ಹತ್ತಿರ ಬೇರೆಯಾಗಿ ಮಾತಾಡುತ್ತೇನೆ, ಅವಳು ಹೇಳಿದ್ದು ನಿಮಗೆ ತಲುಪುವುದಿಲ್ಲ, ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ತಿಳಿಸುತ್ತೇನೆ ಅಂದೆ. ಸುಮಾಗೆ ಇದು ಕಷ್ಟವಾಯಿತು. ಆದರೂ ಒಪ್ಪಿದರು.

ಅನು ಜೊತೆಗಿನ ಮೊದಲ ಮಾತಿನಲ್ಲಿ ನಾನೇ ತಪ್ಪು ಮಾಡಿದೆ. ಬ್ಯಾಂಡಿನಲ್ಲಿ ಅವಳ ಪಕ್ಕ ಕೂರುವ ಗೆಳತಿಯ ಸುದ್ದಿ ಬಂತು. "ಅವಳ ಬಗ್ಗೆ ನಿನಗೆ ಏನನ್ನಿಸುತ್ತೆ?" ಅಂತ ಕೇಳಿಬಿಟ್ಟೆ. ಮುಖ ಮುಚ್ಚಿಕೊಂಡಿತು. ಅಮ್ಮ ಗಟ್ಟಿಯಾಗಿ ಕೇಳಿದ್ದನ್ನೇ ನಾನು ಮೆತ್ತಗೆ ಕೇಳಿದ್ದೆ, ಅಷ್ಟೆ. ಮುಂದಿನ ವಾರ ಆ ದಾರಿ ಬಿಟ್ಟು, "ಸೂಟ್‌ಕೇಸಲ್ಲಿರೋ ಕಥೆ ಹೇಳು" ಅಂದೆ. ಮುಕ್ಕಾಲು ಗಂಟೆ ಹೇಳಿದಳು.

ಹುಡುಗಿಯರ ನಡುವಿನ ಪ್ರೀತಿಯ ಇಂಥ ಕಥೆಗಳಿಗೆ ಜಪಾನಿನಲ್ಲಿ ಯುರಿ ಅನ್ನುತ್ತಾರೆ. ಯುರಿ ಅಂದರೆ ಲಿಲ್ಲಿ ಹೂವು. ಅನು ಬಚ್ಚಿಟ್ಟಿದ್ದದ್ದು 'ಯಾಗಾತೆ ಕಿಮಿ ನಿ ನಾರು' ಅನ್ನುವ ಮಂಗಾ, ಅಂದರೆ ಜಪಾನಿ ಚಿತ್ರಕಥೆ ಪುಸ್ತಕ. 2018ರಲ್ಲಿ ಹದಿಮೂರು ಕಂತಿನ ಅನಿಮೆ (ಜಪಾನಿ ಕಾರ್ಟೂನ್ ಧಾರಾವಾಹಿ) ಆಗಿಯೂ ಬಂತು. ಅದರಲ್ಲಿ ಯೂ ಅನ್ನುವ ಹುಡುಗಿಗೆ ಒಬ್ಬ ಹುಡುಗ ಇಷ್ಟ ಅಂತ ಹೇಳಿರುತ್ತಾನೆ. ಹಾಡುಗಳಲ್ಲಿ, ಪುಸ್ತಕಗಳಲ್ಲಿ ಹೇಳುವಂಥ ಪುಳಕಕ್ಕೆ ಅವಳು ಕಾಯುತ್ತಾಳೆ. ಏನೂ ಆಗುವುದಿಲ್ಲ. ಆಮೇಲೆ ಶಾಲೆಯ ಹಿರಿಯ ವಿದ್ಯಾರ್ಥಿನಿ ತೋಕೊ ಇಷ್ಟ ಅನ್ನುತ್ತಾಳೆ. ಆಗಲೂ ಯೂಗೆ ಏನೂ ಗೊತ್ತಾಗುವುದಿಲ್ಲ. ಆ ಗೊತ್ತಾಗದಿರುವಿಕೆಯ ಜೊತೆಯಲ್ಲೇ ಕಥೆ ನಿಧಾನವಾಗಿ ನಡೆಯುತ್ತದೆ.

"ಆಂಟಿ, ನನಗೆ ಅದೇ ಇಷ್ಟ ಆಗಿದ್ದು. ಅಲ್ಲಿ ಯಾರೂ ಅವಳನ್ನ ಬೇಗ ಹೇಳು ಅನ್ನಲ್ಲ," ಅಂದಳು ಅನು. ಸ್ವಲ್ಪ ಹೊತ್ತು ಬಿಟ್ಟು, "ನನಗೂ ಗೊತ್ತಿಲ್ಲ. ಅದನ್ನೇ ನೋಡ್ತಾ ಇದ್ದೆ. ಅಷ್ಟರಲ್ಲಿ ಅಮ್ಮ ಕೇಳಿಬಿಟ್ರು."

ಈ ಪ್ರಕರಣದ ತಿರುಳು ನನಗೆ ಇಲ್ಲೇ ಸಿಕ್ಕಿತು. ಹುಡುಗಿ ಕಥೆಯಲ್ಲಿ ಹುಡುಕಿದ್ದು ಸಮಯವನ್ನು. ಮನೆಯಲ್ಲಿ ಸಿಕ್ಕಿದ್ದು ಹೌದೋ ಅಲ್ಲವೋ ಅನ್ನುವ ಪ್ರಶ್ನೆ.

ಊಟ, ನಿದ್ದೆ ಹೇಗಿದೆ, ಬದುಕೇ ಬೇಡ ಅನ್ನಿಸುತ್ತಾ ಅಂತಲೂ ಬಾಯಿಬಿಟ್ಟೇ ಕೇಳಿದೆ. ಅಂಥದ್ದೇನೂ ಇರಲಿಲ್ಲ. ಇದನ್ನು ಕೇಳಲು ದೊಡ್ಡವರು ಹಿಂಜರಿಯಬಾರದು. ಮಗು ಸಾವಿನ ಮಾತಾಡಿದರೆ ಕಾಯಬೇಡಿ. ಭಾರತದಲ್ಲಿರುವವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತಾಡಬಹುದು.

ಸುಮಾಗೆ ಮೊದಲು ಹೇಳಿದ್ದು ಸೂಟ್‌ಕೇಸಿನ ಬೀಗ ತೆಗೆಯಿರಿ ಅಂತ. ವಿವರಣೆ ಬೇಡ, ಪುಸ್ತಕಗಳನ್ನು ಅವಳ ಮೇಜಿನ ಮೇಲಿಡಿ. "ನಿನ್ನನ್ನ ಕೇಳದೆ ತೆಗೆದಿದ್ದು ತಪ್ಪಾಯ್ತು" ಅಂದರೆ ಸಾಕು. ಫೋನ್ ತಡಕಬೇಡಿ. ಅವಳನ್ನು ಕೇಳದೆ ಊರಲ್ಲಿ ಅಕ್ಕನಿಗಾಗಲಿ, ಅತ್ತೆಗಾಗಲಿ, ಮನೆಯವರಿಗಾಗಲಿ ಹೇಳಬೇಡಿ. ಯುರಿ ಅನ್ನುವ ಹೆಸರಿನಡಿ ದೊಡ್ಡವರಿಗೆಂದೇ ಮಾಡಿದ ಕೃತಿಗಳೂ ಇವೆ. ಹಾಗಾಗಿ ವಯಸ್ಸಿನ ಗುರುತು ನೋಡುವುದು, ರಾತ್ರಿ ಎಷ್ಟು ಹೊತ್ತು ಅಂತ ಹೇಳುವುದು ತಾಯಿಯ ಕೆಲಸವೇ. ಆದರೆ ಬೇರೆ ಧಾರಾವಾಹಿಗೆ ಏನು ನಿಯಮವೋ ಇದಕ್ಕೂ ಅದೇ ಇರಲಿ.

ಆಮೇಲೆ ಅವರ ಎರಡನೆಯ ಪ್ರಶ್ನೆಗೆ ಬಂದೆ. ಶಾಲೆ ಮುಗಿದರೆ ಹೋಗುತ್ತೆ ಅನ್ನುವ ಮಾತು ಜಪಾನಿಗೆ ಹೊಸದಲ್ಲ. ನೂರು ವರ್ಷದ ಹಿಂದೆ ಅಲ್ಲಿನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಹಿರಿಯ, ಕಿರಿಯ ಹುಡುಗಿಯರ ಗಾಢ ಒಲವಿಗೆ 'ಎಸ್' ಅಂತಲೇ ಹೆಸರಿತ್ತು. ಸಿಸ್ಟರ್ ಅನ್ನುವುದರ ಮೊದಲ ಅಕ್ಷರ. ಎಷ್ಟೋ ಹಿರಿಯರು ಇದನ್ನು ಸಹಿಸಿಕೊಂಡಿದ್ದು, ಮದುವೆಯಾದರೆ ಮುಗಿಯುತ್ತೆ ಅನ್ನುವ ನಂಬಿಕೆಯಿಂದ. 1916ರಿಂದ ಇಂಥ ಒಲವಿನ ಕಥೆಗಳನ್ನು ಹುಡುಗಿಯರ ಪತ್ರಿಕೆಗೆ ಬರೆದವರು ಯೋಶಿಯಾ ನೊಬುಕೊ. ಅವರಿಗೆ 1923ರಲ್ಲಿ ಪರಿಚಯವಾದವರು ಮೊಮ್ಮಾ ಚಿಯೊ. 1973ರಲ್ಲಿ ಯೋಶಿಯಾ ತೀರಿಕೊಳ್ಳುವವರೆಗೂ ಇಬ್ಬರೂ ಸಂಗಾತಿಗಳಾಗಿದ್ದರು. ಮದುವೆಗೆ ಕಾನೂನು ಇರಲಿಲ್ಲ. ಅದಕ್ಕೆ 1957ರಲ್ಲಿ ಯೋಶಿಯಾ ಸಂಗಾತಿಯನ್ನೇ ದತ್ತು ಮಗಳಾಗಿ ತೆಗೆದುಕೊಂಡರು. ಜಪಾನಿನ ಮದುವೆ ಕಾನೂನಿನಲ್ಲಿ ಇಂದಿಗೂ ಅಂಥ ಜೋಡಿಗಳಿಗೆ ಜಾಗವಿಲ್ಲ. ಟೋಕಿಯೊ ಆಡಳಿತ 2022ರ ನವೆಂಬರಿನಿಂದ ಜೋಡಿಗಳಿಗೆ ನೋಂದಣಿ ಪತ್ರ ಕೊಡುತ್ತಿದೆ.

ಇದನ್ನು ಕೇಳಿ ಸುಮಾ ಗಾಬರಿಯಾದರು. "ಹಾಗಾದ್ರೆ ನನ್ನ ಮಗಳ ಮದುವೆ?" ಅವರ ಮನಸ್ಸು ಆಗಲೇ ಕಲ್ಯಾಣಮಂಟಪಕ್ಕೆ ಹೋಗಿ ಕೂತಿತ್ತು. ನಾನು ಹೇಳಿದ್ದು ಇಷ್ಟು: ಕೆಲವರಲ್ಲಿ ಈ ಒಲವು ಶಾಲೆಯ ಜೊತೆಗೇ ಮುಗಿಯುತ್ತೆ, ಕೆಲವರಲ್ಲಿ ಬದುಕಿಡೀ ಇರುತ್ತೆ. ಅನು ಯಾವ ದಾರಿ ಅಂತ ನಾನಾಗಲಿ ನೀವಾಗಲಿ ಈಗ ಹೇಳಲಾರೆವು. ಅವಳೂ ಹೇಳಲಾರಳು. "ವಯಸ್ಸಿನ ಹುಚ್ಚು, ಹೋಗುತ್ತೆ" ಅಂತ ಮಾತ್ರ ಅವಳ ಮುಂದೆ ಅನ್ನಬೇಡಿ. ಆ ಮಾತು ಒಮ್ಮೆ ಕಿವಿಗೆ ಬಿದ್ದರೆ ಆಮೇಲೆ ಏನೇ ಆದರೂ ಅವಳು ನಿಮಗೆ ತಿಳಿಸುವುದಿಲ್ಲ.

ಮೂರನೇ ವಾರಕ್ಕೆ ಒಂದು ಕೆಲಸ ಕೊಟ್ಟೆ. ಮಗಳು ಆರಿಸಿದ ಒಂದು ಸಿನಿಮಾ ಜೊತೆಗೆ ಕೂತು ನೋಡಿ. ಬುದ್ಧಿ ಹೇಳಬೇಡಿ. ಅರ್ಥವಾಗದ್ದನ್ನು ಮಾತ್ರ ಕೇಳಿ.

ಅನು ಆರಿಸಿದ್ದು 'ಲಿಜ್ ಅಂಡ್ ದ ಬ್ಲೂ ಬರ್ಡ್'. ಕ್ಯೋಟೊ ಅನಿಮೇಶನ್‌ನವರ 2018ರ ಚಿತ್ರ, ನಿರ್ದೇಶಕಿ ಯಮಾದಾ ನಾವೊಕೊ. ಬ್ಯಾಂಡ್ ಕ್ಲಬ್ಬಿನ ಇಬ್ಬರು ಹುಡುಗಿಯರ ಕಥೆ. ಮಿಜೊರೆ ಓಬೋ ಅನ್ನುವ ಊದುವ ವಾದ್ಯ ನುಡಿಸುತ್ತಾಳೆ, ನೊಜೊಮಿ ಕೊಳಲು. ಚಿತ್ರದ ಶುರುವಿನಲ್ಲೇ ಮಿಜೊರೆ ಶಾಲೆಯ ಮೆಟ್ಟಿಲ ಮೇಲೆ ಗೆಳತಿಗಾಗಿ ಕಾಯುತ್ತಾಳೆ. ಇದು ಪ್ರೇಮ ಅಂತ ಚಿತ್ರ ಹೆಸರಿಡುವುದಿಲ್ಲ. ನಡೆಯುವಾಗಿನ ಹೆಜ್ಜೆ ಸದ್ದು, ಬೆರಳಲ್ಲಿ ಹಿಡಿದ ಕೂದಲು, ಇಂಥವುಗಳಲ್ಲೇ ಎಲ್ಲ ಇದೆ. ನಾನೂ ಆ ವಾರ ನೋಡಿದೆ. ಎರಡು ಸಲ ನೋಡಿದೆ.

ಸುಮಾ ಕೇಳಿದ್ದು ಒಂದೇ ಪ್ರಶ್ನೆಯಂತೆ. "ಸುಕಿ ಅಂದ್ರೆ ಫ್ರೆಂಡ್ ಅಂತ ಇಷ್ಟಾನಾ, ಇನ್ನೊಂದು ಥರ ಇಷ್ಟಾನಾ?" ಅನು ಅಂದಳಂತೆ: "ಕನ್ನಡದಲ್ಲಿ ಇಷ್ಟ ಅಂದ್ರೂ ಎರಡೂ ಆಗುತ್ತಲ್ಲಮ್ಮ." ದೋಸೆಯೂ ಇಷ್ಟ, ಅಮ್ಮನೂ ಇಷ್ಟ, ಅವಳೂ ಇಷ್ಟ. ಆ ಪದದೊಳಗೆ ಕೂತು ಯೋಚಿಸಲು ಜಾಗ ಇದೆ.

ಚಿತ್ರದ ಕೊನೆಗೆ ಹತ್ತಿರ ಮಿಜೊರೆ ಗೆಳತಿಯನ್ನು ತಬ್ಬಿಕೊಂಡು, ನಿನ್ನ ನಗು ಇಷ್ಟ, ಮಾತು ಇಷ್ಟ, ನಿನ್ನದೆಲ್ಲ ಇಷ್ಟ ಅನ್ನುತ್ತಾಳೆ. ನೊಜೊಮಿ ತಿರುಗಿ ಹೇಳುವುದು, ನಿನ್ನ ಓಬೋ ನನಗಿಷ್ಟ ಅಂತ.

ಈ ದೃಶ್ಯದ ಬಗ್ಗೆ ಸುಮಾ ನನ್ನ ಹತ್ತಿರ ತುಂಬ ಹೊತ್ತು ಮಾತಾಡಿದರು. "ನಾನೂ ಅದನ್ನೇ ಮಾಡ್ತೀನಿ ಮೇಡಂ. ನಿನ್ನ ಜಪಾನಿ ಎಷ್ಟು ಚೆನ್ನಾಗಿದೆ, ನೀನಿಲ್ದಿದ್ರೆ ಈ ಊರಲ್ಲಿ ನನಗೆ ಗತಿ ಇರ್ಲಿಲ್ಲ ಅಂತೀನಿ. ಅವಳ ಜಪಾನಿಯನ್ನೇ ಹೊಗಳಿದ್ದು, ಇಷ್ಟು ವರ್ಷ." ಕಣ್ಣೊರೆಸಿಕೊಂಡರು. ಅವತ್ತು ಅವರು ಅಡುಗೆಮನೆಯಲ್ಲಿ ಕೂತಿದ್ದರು. ಬಾಗಿಲು ತೆರೆದಿತ್ತು.

ಅನುಗೆ ನಾನು ಹೇಳಿದ್ದು ಸ್ವಲ್ಪವೇ. ಹೆಸರಿಡುವ ಅವಸರ ಬೇಡ. ಗೆಳತಿಗೆ ಹೇಳಲೇಬೇಕು ಅಂತಿಲ್ಲ. ಹೇಳಿದರೆ, ಇಲ್ಲ ಅನ್ನುವ ಹಕ್ಕು ಅವಳಿಗೂ ಇದೆ. ಇಂಥ ಕಥೆಗಳಲ್ಲಿ ಒಂದು ಕೊರತೆ ನನಗೆ ಕಾಣುತ್ತದೆ. ಶಾಲೆಯ ಗೋಡೆಯೇ ಲೋಕದ ಅಂಚು, ದೊಡ್ಡವರು ಇದ್ದೂ ಇಲ್ಲದ ಹಾಗೆ. ಆದರೆ ಅವಳ ಪುಸ್ತಕದಲ್ಲೇ ಕಾಫಿ ಅಂಗಡಿ ನಡೆಸುವ ಮಿಯಾಕೊ ಇದ್ದಾಳೆ. ಶಾಲೆಯ ಟೀಚರ್ ಒಬ್ಬಳ ಸಂಗಾತಿ ಅವಳು. ತೋಕೊಳ ಗೆಳತಿ ಸಾಯಾಕ ಅವಳ ಹತ್ತಿರ ಮನಸ್ಸು ಬಿಚ್ಚುತ್ತಾಳೆ. "ನಿನಗೆ ಅಂಥ ದೊಡ್ಡವರು ಯಾರಾದ್ರೂ ಇದ್ದಾರಾ?" ಅಂತ ಕೇಳಿದೆ. ಯೋಚಿಸಿ, ಶಾಲೆಯ ಆರೋಗ್ಯ ಕೋಣೆಯ ಟೀಚರ್ ಹೆಸರು ಹೇಳಿದಳು. ಆಮೇಲೆ, "ಅಮ್ಮ ಆಗಬಹುದೇನೋ. ಈಗಲ್ಲ," ಅಂದಳು.

ಅಪ್ಪನಿಗೆ ಇನ್ನೂ ಏನೂ ಗೊತ್ತಿಲ್ಲ. ಹೇಳಬೇಕೋ ಬೇಡವೋ, ಯಾವಾಗ, ಯಾರು ಅನ್ನುವುದನ್ನು ಅನುವೇ ತೀರ್ಮಾನಿಸಲಿ ಅಂತ ತಾಯಿ ಒಪ್ಪಿದ್ದಾರೆ. ಬೇಸಿಗೆಯ ಬ್ಯಾಂಡ್ ಸ್ಪರ್ಧೆ ಮುಗಿದ ಮೇಲೆ ಮತ್ತೆ ಮಾತಾಡುತ್ತೇವೆ. ಅಲ್ಲಿಯವರೆಗೆ ಶನಿವಾರ ರಾತ್ರಿ ಅಮ್ಮ, ಮಗಳು ಒಂದೊಂದು ಕಂತು ನೋಡುತ್ತಾರೆ. ಅನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಾಳೆ.