ಮೊಬೈಲಿನ ಹಾಡುಗಳನ್ನು ಎಫ್‌ಎಂ ಟ್ರಾನ್ಸ್‌ಮಿಟರ್ ಮೂಲಕ ಹಳೆಯ ಸ್ಟೀರಿಯೋದಲ್ಲಿ ಕೇಳಬಹುದೇ?

ಧಾರಾಳವಾಗಿ ಕೇಳಬಹುದು, ಸ್ಟೀರಿಯೋದಲ್ಲಿ ಎಫ್‌ಎಂ ರೇಡಿಯೋ ಇದ್ದರೆ ಸಾಕು. ಆದರೆ ಆಕ್ಸ್ ಕಿಂಡಿಯೂ (ಹೊರಗಿನ ಸಾಧನದ ಕೇಬಲ್ ಚುಚ್ಚುವ ಜಾಗ) ಇದ್ದರೆ ಇದಕ್ಕೆ ದುಡ್ಡು ಸುರಿಯಬೇಡಿ, ಒಂದು ಕೇಬಲ್ಲೇ ವಾಸಿ.

ಟ್ರಾನ್ಸ್‌ಮಿಟರ್ ಎಂದರೆ ಕೆಲವೇ ಮೀಟರ್ ದೂರ ಮುಟ್ಟುವ ಪುಟ್ಟ ಬಾನುಲಿ ಕೇಂದ್ರ. ಹೆಡ್‌ಫೋನ್ ಕಿಂಡಿಯಿಂದಲೋ ಬ್ಲೂಟೂತ್‌ನಿಂದಲೋ ಹಾಡನ್ನು ಪಡೆದು ಎಫ್‌ಎಂ ಅಲೆಯಾಗಿ ಬಿತ್ತರಿಸುತ್ತದೆ. ಅದರಲ್ಲೂ ರೇಡಿಯೋದಲ್ಲೂ ಒಂದೇ ಕಂಪನಾಂಕ ಇಡಬೇಕು.

ಫಜೀತಿ ಇರುವುದೇ ಆ ಕಂಪನಾಂಕದ ಆಯ್ಕೆಯಲ್ಲಿ. ಒಂದೇ ಕಡೆ ಎರಡು ಸಂಕೇತಗಳು ಬಂದರೆ ಎಫ್‌ಎಂ ರೇಡಿಯೋ ಬಲವಾದುದನ್ನು ಹಿಡಿದುಕೊಂಡು ಇನ್ನೊಂದನ್ನು ಅದುಮಿಬಿಡುತ್ತದೆ. ದೊಡ್ಡ ಕೇಂದ್ರದ ಮುಂದೆ ನಿಮ್ಮ ಹಾಡು ನಿಲ್ಲುವುದಿಲ್ಲ. ಟ್ರಾನ್ಸ್‌ಮಿಟರ್ ಆಫ್ ಮಾಡಿ, ರೇಡಿಯೋವನ್ನು 87.5ರಿಂದ 108 ಮೆಗಾಹರ್ಟ್ಸ್‌ವರೆಗೆ ನಿಧಾನವಾಗಿ ತಿರುಗಿಸುತ್ತಾ ಬರೀ ‘ಶ್’ ಎನ್ನುವ, ಅಕ್ಕಪಕ್ಕದಲ್ಲೂ ಯಾವ ಕೇಂದ್ರವೂ ಇಲ್ಲದ ಜಾಗ ಹುಡುಕಿ. ಕಾರಿನಲ್ಲಾದರೆ ಊರು ದಾಟಿದಂತೆಲ್ಲ ಈ ಹುಡುಕಾಟ ಮತ್ತೆ ಮತ್ತೆ ಬರುತ್ತದೆ.

ಮೊಬೈಲಿನ ವಾಲ್ಯೂಮ್ ಮುಕ್ಕಾಲು ಭಾಗದಲ್ಲಿರಲಿ. ಪೂರ್ತಿ ಏರಿಸಿದರೆ ಧ್ವನಿ ಒಡೆಯಬಹುದು. ತೀರಾ ತಗ್ಗಿಸಿದರೆ ಹಾಡಿನ ಹಿಂದಿನ ಗೊರಗೊರ ಸದ್ದೇ ಮುಂದೆ ಬರುತ್ತದೆ. ಎಲ್ಲ ಸರಿಹೋದರೂ ಸೀಡಿಯ ಗುಣಮಟ್ಟ ನಿರೀಕ್ಷಿಸಬೇಡಿ: ಸ್ಟೀರಿಯೋ ಎಫ್‌ಎಂ ಸುಮಾರು 15 ಕಿಲೋಹರ್ಟ್ಸ್‌ಗಿಂತ ಮೇಲಿನ ಧ್ವನಿಯನ್ನು ಸಾಗಿಸುವುದಿಲ್ಲ, ಹಾಗಾಗಿ ಕಂಚಿನ ತಾಳದ ಝಣಝಣ ತುಸು ಮಂಕಾಗುತ್ತದೆ.