ಅಪ್ಪನಿಗೆ ಶಾಕ್‌ವೇವ್ ಮಾಡಿಸಿದರೆ ಕಿಡ್ನಿಯಲ್ಲಿ ರಕ್ತಸ್ರಾವ ಆಗುತ್ತಾ?

ನೀವು ಕೇಳಿರುವುದು ಇಷ್ಟು: ಅಪ್ಪನಿಗೆ 62 ವರ್ಷ, ಊರು ಹಾಸನ, ಎಡಗಡೆ ಕಿಡ್ನಿಯಲ್ಲಿ 12 ಮಿ.ಮೀ. ಕಲ್ಲು. ಬಿಪಿ, ಶುಗರ್ ಎರಡೂ ಇವೆ. ಬೆಂಗಳೂರಿನಲ್ಲಿ ಶಾಕ್‌ವೇವ್, ಅಂದರೆ ಹೊರಗಿನಿಂದಲೇ ಅಲೆ ಹಾಯಿಸಿ ಕಲ್ಲು ಒಡೆಯುವುದು, ಮಾಡಿಸಿ ಅಂದಿದ್ದಾರೆ. ನಿಮ್ಮ ನೆಂಟರೊಬ್ಬರು ಇದನ್ನು ಮಾಡಿಸಿಕೊಂಡ ಮೇಲೆ ಕಿಡ್ನಿ ಸುತ್ತ ರಕ್ತ ತುಂಬಿಕೊಂಡು ಐಸಿಯು ಸೇರಿದರಂತೆ. ಅದು ನಿಜವಾ, ಹೆದರಬೇಕಾ?

ನಿಜ, ಹಾಗಾಗುವುದುಂಟು. ಆದರೆ ಅಪರೂಪ. ನಾನು ಡಾಕ್ಟರಲ್ಲ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಈ ಯಂತ್ರ ನಡೆಸುವ ಟೆಕ್ನಿಷಿಯನ್. ಯಾರಿಗೆ ಅಪಾಯ ಜಾಸ್ತಿ ಅನ್ನುವುದು ಎಷ್ಟೋ ಸಲ ಟೇಬಲ್ ಮೇಲೆ ಮಲಗಿಸುವ ಮುಂಚೆಯೇ ಕಾಣುತ್ತಿರುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಸೊಂಟಕ್ಕೆ ಜೆಲ್ ಹಚ್ಚಿ, ನೀರು ತುಂಬಿದ ರಬ್ಬರ್ ಚೀಲವನ್ನು ಒತ್ತಿ ಇಡುತ್ತೇವೆ. ಅಲೆಗಳು ಮಾಂಸದೊಳಗೆ ಸರಾಗವಾಗಿ ಹಾದು ಕಲ್ಲಿನ ಹತ್ತಿರ ಒಂದುಗೂಡುತ್ತವೆ. ಅಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆಯುತ್ತವೆ. ಕಲ್ಲು ಪುಡಿಯಾಗುವುದರಲ್ಲಿ ಆ ಗುಳ್ಳೆಗಳ ಪಾಲೂ ಇದೆ, ಅಕ್ಕಪಕ್ಕದ ಸಣ್ಣ ರಕ್ತನಾಳಗಳಿಗೆ ಪೆಟ್ಟಾಗುವುದೂ ಹೆಚ್ಚಾಗಿ ಅವುಗಳಿಂದಲೇ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಎರಡು ಕಿಡ್ನಿಗಳಿಗೇ ಹೋಗುತ್ತದೆ. ಹಾಗಾಗಿ ಒಂದೆರಡು ದಿನ ಮೂತ್ರ ಕೆಂಪಗಾದರೆ ಗಾಬರಿ ಬೇಡ. ಹೆಚ್ಚುಕಮ್ಮಿ ಎಲ್ಲರಿಗೂ ಆಗುತ್ತದೆ. ರಕ್ತ ಹೊರಗೆ ಬರದೆ ಕಿಡ್ನಿಯ ಹೊದಿಕೆಯೊಳಗೆ ಅಥವಾ ಅದರ ಸುತ್ತ ಕೂಡಿಕೊಂಡರೆ ಕಷ್ಟ. ಇದಕ್ಕೆ ಹೆಮಟೋಮಾ ಅನ್ನುತ್ತಾರೆ. ನೋವು, ಸುಸ್ತು ಕಾಣಿಸಿಕೊಳ್ಳುವಷ್ಟು ದೊಡ್ಡದು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನಕ್ಕೆ ಆಗುತ್ತದೆ. ಎಲ್ಲರಿಗೂ ಸಿ.ಟಿ. ಮಾಡಿ ನೋಡಿದರೆ ಚಿಕ್ಕಪುಟ್ಟವು ಇನ್ನೂ ಸಿಗುತ್ತವೆ, ಅವು ತಾವಾಗೇ ಕರಗುತ್ತವೆ.

ಈಗ ನಿಮ್ಮ ಅಪ್ಪನ ವಿಷಯ. ಹತೋಟಿಯಲ್ಲಿಲ್ಲದ ಬಿಪಿ ಈ ರಕ್ತಸ್ರಾವಕ್ಕೆ ದೊಡ್ಡ ಕಾರಣ. ಬೆಳಿಗ್ಗೆ ಬಿಪಿ 170 ಇದ್ದರೆ ನಮ್ಮಲ್ಲಿ ವಾಪಸ್ ಕಳಿಸುತ್ತಾರೆ. ರಜೆ ಹಾಕಿ ಬಂದಿದ್ದೇವೆ, ಏನೋ ಮಾಡಿ ಮುಗಿಸಿಬಿಡಿ ಅಂತ ಮನೆಯವರು ಜಗಳಕ್ಕೇ ನಿಲ್ಲುತ್ತಾರೆ. ಕಳಿಸಿದರೆ ಸುಮ್ನೆ ವಾಪಸ್ ಹೋಗಿ.

ಇನ್ನೊಂದು ಮಾತ್ರೆಯ ವಿಷಯ. 'ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ?' ಅಂತ ಕೇಳಿದರೆ ಇಲ್ಲ ಅಂತಾರೆ. ಅವರೇನೂ ಸುಳ್ಳು ಹೇಳುತ್ತಿರುವುದಿಲ್ಲ. ಜೇಬಿನಿಂದ ಎಕೋಸ್ಪ್ರಿನ್ ಎವಿ ಪಟ್ಟಿ ತೆಗೆದು, 'ಇದು ಕೊಲೆಸ್ಟ್ರಾಲ್‌ದು' ಅಂತಾರೆ. ಅದರಲ್ಲಿ ಕೊಲೆಸ್ಟ್ರಾಲ್ ಔಷಧಿಯ ಜೊತೆ ಆಸ್ಪಿರಿನ್ ಕೂಡ ಇದೆ! ಅದಕ್ಕೇ ಹೆಸರು ಹೇಳುವ ಬದಲು ಮನೆಯಲ್ಲಿರುವ ಅಷ್ಟೂ ಮಾತ್ರೆಗಳನ್ನು ಒಂದು ಕವರಿಗೆ ಹಾಕಿಕೊಂಡು ಬಂದು ತೋರಿಸಿ. ಹಾಗಂತ ನೀವೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿದ್ದರಂತೂ ಹಾರ್ಟ್ ಡಾಕ್ಟರೇ ಹೇಳಬೇಕು. ಅವರು ನಿಲ್ಲಿಸೋ ಹಾಗಿಲ್ಲ ಅಂದರೆ ಶಾಕ್‌ವೇವ್ ಬೇಡ. ಮೂತ್ರನಾಳದ ಮೂಲಕ ಹೋಗಿ ಲೇಸರ್‌ನಿಂದ ಒಡೆಯುವ ದಾರಿ ಇದೆ.

ಶುಗರ್ ಇದೆ ಅಂದಿರಿ, ಹಾಗಾದರೆ ಮೂತ್ರದಲ್ಲಿ ಸೋಂಕಿದೆಯಾ ಅಂತ ನೋಡುವ ಯೂರಿನ್ ಕಲ್ಚರ್ ರಿಪೋರ್ಟ್ ಬರುವವರೆಗೂ ಕಾಯಿರಿ. ಸೋಂಕಿದ್ದಾಗ ಕಲ್ಲು ಒಡೆದರೆ ಅದರೊಳಗಿನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಬಹುದು. ನನ್ನನ್ನು ಕೇಳಿದರೆ ರಕ್ತಸ್ರಾವಕ್ಕಿಂತ ಇದಕ್ಕೇ ಹೆಚ್ಚು ಹೆದರಬೇಕು.

ಯಂತ್ರದ ಹತ್ತಿರವೂ ಒಂದು ಮಾತು. ನಿಮಿಷಕ್ಕೆ 120ರ ಬದಲು 60 ಏಟಿನಂತೆ ನಿಧಾನವಾಗಿ ಕೊಟ್ಟರೆ ಕಲ್ಲು ಚೆನ್ನಾಗಿ ಒಡೆಯುತ್ತದೆ, ಕಿಡ್ನಿಗೂ ಪೆಟ್ಟು ಕಡಿಮೆ. ಮೊದಲು ಕಡಿಮೆ ಪವರ್‌ನಲ್ಲಿ ಶುರು ಮಾಡಿ ಆಮೇಲೆ ಏರಿಸುವುದೂ ಅದಕ್ಕೇ. ಎರಡು ಮೂರು ಸಾವಿರ ಏಟು ಆಗಬೇಕು, ಮುಕ್ಕಾಲು ಗಂಟೆ ಹಿಡಿಯುತ್ತದೆ. ಹೊರಗೆ ಕೂತವರು ಇಷ್ಟೊತ್ತು ಯಾಕೆ ಅಂತ ಬಾಗಿಲು ತಟ್ಟಬೇಡಿ, ಅಷ್ಟೇ.

ನಿಮ್ಮ ನೆಂಟರಿಗೆ ಆದಂಥದ್ದೇ ಒಂದನ್ನು ನಾನೂ ನೋಡಿದ್ದೇನೆ. ಕೋಲಾರದ ಕಡೆಯ ಮೇಷ್ಟ್ರು. ಎಲ್ಲ ಸರಿಯಾಗಿಯೇ ನಡೆಯಿತು, ಸಂಜೆ ಮನೆಗೆ ಹೋದರು. ರಾತ್ರಿ ಸೊಂಟದಲ್ಲಿ ನೋವು ಶುರುವಾಯಿತು. ಕಲ್ಲಿನ ನೋವೇ ಇರಬೇಕು ಅಂತ ಊರಲ್ಲಿ ಇಂಜೆಕ್ಷನ್ ಹಾಕಿ ಕಳಿಸಿದರು. ಕಲ್ಲಿನ ಚೂರು ಇಳಿಯುವ ನೋವು ಅಲೆಅಲೆಯಾಗಿ ಬರುತ್ತದೆ, ಒಂದಿಷ್ಟು ಹೊತ್ತು ಬಿಡುತ್ತದೆ. ಇದು ಬಿಡಲೇ ಇಲ್ಲ. ಮಾರನೇ ದಿನ ಕರೆತಂದಾಗ ಮುಖ ಬಿಳಿಚಿಕೊಂಡಿತ್ತು, ಅಂಗಿಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಹಿಮೋಗ್ಲೋಬಿನ್ 13 ಇದ್ದದ್ದು 8ಕ್ಕೆ ಇಳಿದಿತ್ತು. ಸಿ.ಟಿ.ಯಲ್ಲಿ ಕಿಡ್ನಿ ಸುತ್ತ ರಕ್ತ. ಆಪರೇಷನ್ ಬೇಕಾಗಲಿಲ್ಲ. ರಕ್ತ ಕೊಟ್ಟು, ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿ ಕಾದರು, ನಿಂತಿತು. ಹೆಚ್ಚಿನವರಿಗೆ ಹೀಗೆಯೇ ವಾಸಿಯಾಗುತ್ತದೆ. ಪೂರ್ತಿ ಕರಗಲು ವಾರಗಳಿಂದ ತಿಂಗಳುಗಳೇ ಬೇಕಾಗಬಹುದು.

ಅದಕ್ಕೇ ಹೇಳುವುದು, ಅಪ್ಪನನ್ನು ಅವತ್ತೇ ಮೆಜೆಸ್ಟಿಕ್‌ಗೆ ಕರ್ಕೊಂಡು ಹೋಗಿ ಹಾಸನದ ಬಸ್ ಹತ್ತಿಸಬೇಡಿ. ಒಂದೆರಡು ರಾತ್ರಿ ಇಲ್ಲೇ ಉಳಿಸಿಕೊಳ್ಳಿ. ಬಿಡದ ಸೊಂಟ ನೋವು, ತಲೆ ಸುತ್ತು, ತಣ್ಣನೆ ಬೆವರು, ಚಳಿಜ್ವರ, ಮೂತ್ರದಲ್ಲಿ ಹೆಪ್ಪುಗಟ್ಟಿದ ರಕ್ತ, ಮೂತ್ರ ಕಟ್ಟಿಕೊಳ್ಳುವುದು, ಇದರಲ್ಲಿ ಯಾವುದು ಬಂದರೂ ಬೆಳಗಾಗಲಿ ಅಂತ ಕಾಯದೆ ಮಾಡಿಸಿದ ಆಸ್ಪತ್ರೆಗೇ ಬನ್ನಿ. ಕಲ್ಲಿನ ಚೂರುಗಳು ಮೂತ್ರನಾಳದಲ್ಲಿ ಸಾಲಾಗಿ ಸಿಕ್ಕಿಕೊಂಡು ಜ್ವರ ಬಂದರೆ ಆ ಹೊತ್ತಿನಲ್ಲೇ ಮೂತ್ರ ಇಳಿಯಲು ಮೂತ್ರನಾಳದೊಳಗೆ ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಹಾಕಬೇಕಾಗುತ್ತದೆ.

ಇದಕ್ಕಿಂತ ಅಪರೂಪದವೂ ಇವೆ. ಎಡಗಡೆ ಮಾಡಿದಾಗ ಗುಲ್ಮಕ್ಕೆ (ಸ್ಪ್ಲೀನ್) ಪೆಟ್ಟಾಗಿ ಎಡ ಭುಜಕ್ಕೆ ನೋವು ಹರಡಿದವರಿದ್ದಾರೆ. ಮೇದೋಜೀರಕ ಗ್ರಂಥಿ ಊದಿಕೊಂಡದ್ದು, ಕರುಳು ತೂತಾದದ್ದು ವೈದ್ಯಕೀಯ ವರದಿಗಳಲ್ಲಿ ಒಂದೊಂದಾಗಿ ಸಿಗುತ್ತವೆ. ಜರ್ಮನಿಯ ಮ್ಯೂನಿಕ್‌ನಲ್ಲಿ 1980ರಲ್ಲಿ ಮೊದಲ ರೋಗಿಗೆ ಮಾಡಿದಾಗಿನಿಂದ ಲಕ್ಷಾಂತರ ಜನರಿಗೆ ಇದನ್ನು ಮಾಡಿದ್ದಾರೆ. ಅಷ್ಟರಲ್ಲಿ ಇವು ಕೆಲವೇ ಕೆಲವು.

ಕೊನೆಗೆ, ಅಪ್ಪನ ಸಿ.ಟಿ. ರಿಪೋರ್ಟಿನಲ್ಲಿ ಎಚ್.ಯು. ಅಂತ ಒಂದು ಸಂಖ್ಯೆ ಇರುತ್ತದೆ, ಕಲ್ಲು ಎಷ್ಟು ಗಟ್ಟಿ ಅಂತ ಅದು ಹೇಳುತ್ತದೆ. 1000ಕ್ಕಿಂತ ಜಾಸ್ತಿ ಇದ್ದರೆ, ಅದರಲ್ಲೂ ಕಲ್ಲು ಕಿಡ್ನಿಯ ಕೆಳಭಾಗದಲ್ಲಿದ್ದರೆ, ಶಾಕ್‌ವೇವ್‌ಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ಆಗ ಲೇಸರ್ ಯಾಕೆ ಬೇಡ ಅಂತ ಡಾಕ್ಟರನ್ನು ನೇರವಾಗಿ ಕೇಳಿ.