ಕಡಲಿದ್ದೂ ಈಜುಕೊಳ ಬೇಕೆ?

ಕೋಡಿಬಾಗದ ಓದುಗರೊಬ್ಬರು ಬರೆದ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಎದುರಿಗೆ ಕಡಲು, ಪಕ್ಕದಲ್ಲಿ ಕಾಳಿ ನದಿ ಇರುವ ಕಾರವಾರದಲ್ಲಿ ತೆರಿಗೆಯ ಹಣವನ್ನು ಈಜುಕೊಳಕ್ಕೆ ಸುರಿಯುವುದು ಸರಿಯೇ ಎಂಬುದು ಒಂದು. ಕಟ್ಟುವುದೇ ಆದರೆ ರಾಷ್ಟ್ರಮಟ್ಟದ ಸ್ಪರ್ಧೆಗಳು ಬರುವಂತೆ 10 ಮೀಟರ್ ಎತ್ತರದ ಡೈವಿಂಗ್ ವೇದಿಕೆಯನ್ನೂ ಏಕೆ ಕಟ್ಟಬಾರದು ಎಂಬುದು ಇನ್ನೊಂದು.

ಮಾನ್ಯರೇ, ಕಡಲು ಈಜು ಬಲ್ಲವರಿಗೆ ಒದಗುತ್ತದೆಯೇ ಹೊರತು ಕಲಿಯುವವರಿಗಲ್ಲ. ಟ್ಯಾಗೋರ್ ಕಡಲತೀರದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತ ಮಗುವಿನ ಪಾದದಡಿಯ ಮರಳನ್ನು ಹಿಂದೆ ಸರಿಯುವ ಅಲೆ ಕೊರೆದುಕೊಂಡು ಹೋಗುತ್ತದೆ. ಮುಖ ಮುಳುಗಿಸಿ ಉಸಿರು ಬಿಡುವುದನ್ನು, ಬೆನ್ನ ಮೇಲೆ ತೇಲುವುದನ್ನು ಕಲಿಸಬೇಕಾದರೆ ಆಳ ಬದಲಾಗದ, ತಳ ಕಾಣುವ ನಿಂತ ನೀರು ಬೇಕು. ಹಿಂದೆ ಈ ಕೆಲಸವನ್ನು ನಮ್ಮ ಬಾವಿಗಳೂ ದೇವಸ್ಥಾನದ ಕೆರೆಗಳೂ ಮಾಡುತ್ತಿದ್ದವು: ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಹುಡುಗನ ಎದೆಯಡಿ ಕಟ್ಟಿ ನೀರಿಗಿಳಿಸಿದರೆ, ಹಗ್ಗದ ತುದಿ ಮೇಲೆ ನಿಂತ ಹಿರಿಯರ ಕೈಯಲ್ಲಿರುತ್ತಿತ್ತು. ಈಗ ಬಾವಿಗಳಿಗೆ ಜಾಲರಿ ಬಿದ್ದಿದೆ, ಕೆರೆಗಳಲ್ಲಿ ಹೂಳು ತುಂಬಿದೆ. ಹೆಣ್ಣುಮಕ್ಕಳಿಗಂತೂ ಆ ಅವಕಾಶ ಅಂದೂ ಅಪರೂಪವಾಗಿತ್ತು.

2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ 4 ವಿದ್ಯಾರ್ಥಿನಿಯರು ಕಡಲುಪಾಲಾದುದನ್ನು ನಮ್ಮ ಜಿಲ್ಲೆ ಮರೆಯುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ಮುಳುಗಿ ಸತ್ತಿದ್ದಾರೆ. ಇದನ್ನು ತಡೆಯಲು ಅದು ಸೂಚಿಸುವ ಮುಖ್ಯ ಕ್ರಮಗಳಲ್ಲಿ ಶಾಲಾಮಕ್ಕಳಿಗೆ ಈಜು ಮತ್ತು ನೀರಿನ ಸುರಕ್ಷತೆ ಕಲಿಸುವುದೂ ಒಂದು. ಕ್ರೀಡೆಯ ಲೆಕ್ಕದಲ್ಲಿ ನೋಡಿದರೂ ಮಾತು ಬೇರೆಯಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಇಬ್ಬರೂ ಈಜುಗಾರರು, ಶ್ರೀಹರಿ ನಟರಾಜ್ ಮತ್ತು ಆಗ 14 ವರ್ಷದವಳಾಗಿದ್ದ ಧಿನಿಧಿ ದೇಸಿಂಗು, ಬೆಂಗಳೂರಿನವರು. ಅಲ್ಲಿ ಕಡಲಿಲ್ಲ, ಕೊಳಗಳಿವೆ.

ಆದರೆ ತಮ್ಮ ಆತಂಕದಲ್ಲಿ ಹುರುಳಿದೆ, ಏಕೆಂದರೆ ಈಜುಕೊಳದ ನಿಜವಾದ ವೆಚ್ಚ ಶುರುವಾಗುವುದು ಕಟ್ಟಿ ಮುಗಿದ ಮೇಲೆ. 50 ಮೀಟರ್ ಉದ್ದ, 25 ಮೀಟರ್ ಅಗಲ, 2 ಮೀಟರ್ ಆಳದ ಒಲಿಂಪಿಕ್ ಅಳತೆಯ ಕೊಳ 25 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಆ ನೀರು ಮತ್ತೆ ಮತ್ತೆ ಸೋಸಿ ಬರುತ್ತಿರಬೇಕು, ಮರಳಿನ ಫಿಲ್ಟರನ್ನು ಆಗಾಗ ತೊಳೆಯಬೇಕು, ಕ್ಲೋರಿನ್ ಪ್ರಮಾಣವನ್ನು ದಿನಕ್ಕೆ ಹಲವು ಬಾರಿ ಪರೀಕ್ಷಿಸಬೇಕು. ಪಂಪಿನ ವಿದ್ಯುತ್ ಬಿಲ್ಲು, ತರಬೇತುದಾರರ ಮತ್ತು ಜೀವರಕ್ಷಕರ ಸಂಬಳ ಯಾವ ತಿಂಗಳೂ ನಿಲ್ಲುವುದಿಲ್ಲ. ನಮ್ಮ ಕರಾವಳಿಯಲ್ಲಿ ಇನ್ನೂ ಎರಡು ಖರ್ಚುಗಳು ಸೇರುತ್ತವೆ. ಮಳೆಗಾಲದಲ್ಲಿ ಬಯಲು ಕೊಳಕ್ಕೆ ಬೀಳುವ ನೀರು ಕ್ಲೋರಿನ್ನನ್ನು ತೆಳುವಾಗಿಸಿ ಪಾಚಿಗೆ ಎಡೆಮಾಡುವುದರಿಂದ ಮಾಡು ಬೇಕು. ಮಾಡು ಹಾಕಿದರೆ ಅದರ ಕಬ್ಬಿಣವನ್ನು ಉಪ್ಪುಗಾಳಿ ತಿನ್ನುವುದರಿಂದ ತುಕ್ಕು ಹಿಡಿಯದ ಸಾಮಗ್ರಿಗೆ ಮೊದಲೇ ಹೆಚ್ಚು ಹಣ ತೆರಬೇಕು.

ಆದ್ದರಿಂದ ನಮ್ಮ ನಿಲುವು ಇದು: ನಗರಕ್ಕೆ ಮೊದಲು ಬೇಕಿರುವುದು 25 ಮೀಟರ್ ಉದ್ದ, ಹನ್ನೆರಡೂವರೆ ಮೀಟರ್ ಅಗಲದ, ಮಕ್ಕಳು ನಿಲ್ಲಬಲ್ಲ ಆಳದಿಂದ ಶುರುವಾಗುವ ಕಲಿಕೆಯ ಕೊಳ. ಸರಾಸರಿ ಆಳ 1.4 ಮೀಟರ್ ಇದ್ದರೆ ಅದಕ್ಕೆ ಸುಮಾರು 4.4 ಲಕ್ಷ ಲೀಟರ್ ನೀರು ಸಾಕು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ತತ್ವಾರವಾಗುವ ಊರಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಅದರ ವಾರ್ಷಿಕ ನಿರ್ವಹಣಾ ವೆಚ್ಚವನ್ನು ಆಯವ್ಯಯದಲ್ಲಿ ಪ್ರತ್ಯೇಕವಾಗಿ ಕಾದಿರಿಸದೆ ಅಡಿಗಲ್ಲು ಹಾಕಲೇಬಾರದು. ಸರ್ಕಾರಿ ಶಾಲೆಯ ಮಕ್ಕಳಿಗೆ ಶುಲ್ಕವಿರಬಾರದು, ಹುಡುಗಿಯರಿಗೆ ಮಹಿಳಾ ತರಬೇತುದಾರರಿರಬೇಕು. ಬೆಳಗ್ಗೆ ವ್ಯಾಯಾಮಕ್ಕೆ ಬರುವ ನಮ್ಮಂಥವರು ಹಣ ಕೊಟ್ಟೇ ಈಜೋಣ.

ಇನ್ನು ಡೈವಿಂಗ್. 10 ಮೀಟರ್ ವೇದಿಕೆಯಿಂದ ಹಾರಿದವರು ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ನೀರಿಗೆ ಬೀಳುತ್ತಾರೆ, ಹಾಗಾಗಿ ಕೆಳಗೆ 5 ಮೀಟರಿನಷ್ಟು ಆಳ ಬೇಕಾಗುತ್ತದೆ. 1 ಮೀಟರ್ ಎತ್ತರದ ಸ್ಪ್ರಿಂಗ್‌ಬೋರ್ಡಿಗೂ ಸುಮಾರು ಮೂರೂವರೆ ಮೀಟರ್ ಆಳ ಬೇಕು. ಕಲಿಯುವ ಮಕ್ಕಳಿರುವ ಕೊಳದ ಒಂದು ತುದಿಯನ್ನೇ ಅಷ್ಟು ಅಗೆದು ಎರಡೂ ಕೆಲಸ ಮಾಡಿಸಿಕೊಳ್ಳುವುದು ಅಪಾಯಕಾರಿ ಉಳಿತಾಯ. ಡೈವಿಂಗಿಗೆ ಬೇರೆಯೇ ಕೊಳ, ಬೇರೆಯೇ ತರಬೇತುದಾರರು ಬೇಕು. ತಮ್ಮ ಆಸೆಯನ್ನು ನಾವು ತಳ್ಳಿಹಾಕುತ್ತಿಲ್ಲ. ಕಲಿಕೆಯ ಕೊಳಕ್ಕೆ ನಿವೇಶನ ಗುರುತಿಸುವಾಗಲೇ ಪಕ್ಕದಲ್ಲಿ ಡೈವಿಂಗ್ ಕೊಳಕ್ಕಾಗುವಷ್ಟು ಜಾಗವನ್ನು ಕಾದಿರಿಸಿ, ನೀರಿನ ಕೊಳವೆಯನ್ನೂ ಪಂಪ್‌ಮನೆಯನ್ನೂ ಅದಕ್ಕೆ ತಕ್ಕಂತೆ ಯೋಜಿಸಬೇಕೆಂದು ನಗರಸಭೆಯನ್ನು ಕೇಳುವುದರಲ್ಲಿ ನಾವು ತಮ್ಮ ಜೊತೆಗಿದ್ದೇವೆ.